ಮೀನುಬಾಲದ ಆಡು ಮತ್ತು ನಮ್ಮ ಮಕರ ಮಾಸ

(ಕಾಸರಗೋಡಿನಲ್ಲಿ ಕನ್ನಡ ಓದುಗರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕ್ಯಾಲೆಂಡರ್ ತೂಗುತ್ತಿರುತ್ತವೆ. ಏಕಾದಶಿ, ಸಂಕಷ್ಟಿ ನೋಡೋದಕ್ಕೆ ಕನ್ನಡದ್ದು. ಶಾಲೆ, ಬ್ಯಾಂಕು, ಸರಕಾರಿ ರಜೆಗೆ ಮಲಯಾಳದ್ದು. ಆ ಮಲಯಾಳ ಕ್ಯಾಲೆಂಡರಿನ ತಿಂಗಳುಗಳನ್ನು ಒಮ್ಮೆ ಸಾಲಾಗಿ ಹೇಳಿ ನೋಡಿ. ಚಿಂಗಂ, ಕನ್ನಿ, ತುಲಾಂ, ವೃಶ್ಚಿಕಂ, ಧನು, ಮಕರಂ, ಕುಂಭಂ, ಮೀನಂ, ಮೇಡಂ, ಇಡವಂ, ಮಿಥುನಂ, ಕರ್ಕಟಕಂ. ಹನ್ನೆರಡೂ ರಾಶಿಗಳ ಹೆಸರೇ ಅಲ್ವಾ? ತುಳುವಿನಲ್ಲಿ ಪಗ್ಗು, ಬೇಶ, ಕಾರ್ತೆಲ್, ಆಟಿ ಅಂತ ಹೆಸರು ಬೇರೆ. ಆದರೆ ಆ ತಿಂಗಳುಗಳೂ ಹುಟ್ಟುವುದು ಸಂಕ್ರಮಣಕ್ಕೇ, ಅಂದರೆ ಸೂರ್ಯ ಒಂದು ರಾಶಿ ಬಿಟ್ಟು ಇನ್ನೊಂದಕ್ಕೆ ಕಾಲಿಡುವಾಗ.

ಈ ಹನ್ನೆರಡು ರಾಶಿಗಳನ್ನು ಆಕಾಶದಲ್ಲಿ ಮೊದಲು ಗುರುತು ಹಾಕಿದವರು ಇವತ್ತಿನ ಇರಾಕ್ ಇರುವ ನೆಲದವರು, ಬಾಬಿಲೋನಿನವರು. ಇದು ನಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಬದಲಿಗೆ ಗೊತ್ತಿರುವುದು ಬೇರೆ ಥರದ ಮಾತು. ಇಷ್ಟಾರ್ ಅಂದರೆ ನಮ್ಮ ಈಶ್ವರಿಯೇ, ಬಾಬಿಲೋನಿನ ಏಳು ಬಾಗಿಲು ಅಂದರೆ ನಮ್ಮ ಏಳು ಚಕ್ರವೇ, ಎಲ್ಲ ದೇವರೂ ಒಂದೇ ಗುಪ್ತವಿದ್ಯೆಯ ಬೇರೆ ಬೇರೆ ಹೆಸರು ಅನ್ನುವ ಮಾತು. ಫೋನಿನಲ್ಲಿ ದಿನಾ ಒಂದಾದರೂ ಬರುತ್ತದೆ.

ಇವತ್ತು ನನಗೆ ಹೇಳಬೇಕಾದದ್ದು ಇಷ್ಟೇ. ಎರಡು ದೇವರು ಒಂದೇ ಥರ ಕಾಣುವುದು ಬೇರೆ, ಒಬ್ಬರಿಂದ ಇನ್ನೊಬ್ಬರ ಹತ್ತಿರ ಏನಾದರೂ ಬಂದಿರುವುದು ಬೇರೆ. ಬಂದಿದ್ದರೆ ಅದಕ್ಕೊಂದು ದಾರಿ ಇರುತ್ತದೆ. ಯಾರು ತಂದರು, ಯಾವ ಭಾಷೆಯಲ್ಲಿ ತಂದರು, ಬಂದ ಮೇಲೆ ಏನು ಬದಲಾಯಿತು ಅಂತ ಕೇಳಬಹುದು. ಉತ್ತರ ಸಿಕ್ಕಿದರೆ ಖುಷಿಯಿಂದ ಒಪ್ಪಿಕೊಳ್ಳೋಣ. ಸಿಗದಿದ್ದರೆ ಆ ದೇವರನ್ನು ಅವರ ಊರಲ್ಲಿ, ನಮ್ಮ ದೇವರನ್ನು ನಮ್ಮ ಊರಲ್ಲಿ ಇರಲು ಬಿಡೋಣ.

ಮೊದಲು ದಾರಿ ಸಿಗುವ ವಿಷಯ.

ಬಾಬಿಲೋನಿನವರು ಹಸಿ ಮಣ್ಣಿನ ಹಲಗೆಯ ಮೇಲೆ ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದರು. ಆ ಬೆಣೆಲಿಪಿಯಲ್ಲಿ ಮುಲ್ ಅಪಿನ್ ಅನ್ನುವ ನಕ್ಷತ್ರ ಪಟ್ಟಿಯೊಂದಿದೆ. ಸಿಕ್ಕಿರುವ ಪ್ರತಿಗಳಲ್ಲಿ ಹಳೆಯವು ಕ್ರಿ.ಪೂ. 7ನೇ ಶತಮಾನದವು, ಒಳಗಿನ ವಿಷಯ ಅದಕ್ಕಿಂತ ಹಳೆಯದು. ಚಂದ್ರ ನಡೆಯುವ ದಾರಿಯಲ್ಲಿರುವ ನಕ್ಷತ್ರ ಗುಂಪುಗಳನ್ನು ಅದರಲ್ಲಿ ಒಂದೊಂದಾಗಿ ಹೇಳಿದ್ದಾರೆ. ಆಮೇಲೆ, ಕ್ರಿ.ಪೂ. 5ನೇ ಶತಮಾನದ ಹೊತ್ತಿಗೆ, ಆ ದಾರಿಯನ್ನು ತಲಾ 30 ಡಿಗ್ರಿಯ 12 ಸಮ ಭಾಗ ಮಾಡಿದರು. ಗ್ರಹಗಳ ಲೆಕ್ಕ ಇಡುವುದಕ್ಕೆ ಅದು ಸುಲಭ. ನಮ್ಮ ರಾಶಿಚಕ್ರದ ಹುಟ್ಟು ಅಲ್ಲಿ.

ಅವರ ರಾಶಿಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೇಷದ ಜಾಗದಲ್ಲಿ ಅವರಿಗೆ ಮೊದಲು ಟಗರು ಇರಲಿಲ್ಲ. ಕೂಲಿಯಾಳು ಇದ್ದ, ಹೊಲದಲ್ಲಿ ದುಡಿಯುವವನು. ಟಗರು ಬಂದದ್ದು ಆಮೇಲೆ. ಕನ್ಯೆಯ ಜಾಗದಲ್ಲಿ ನೇಗಿಲ ಸಾಲು, ಜೊತೆಗೆ ಶಾಲಾ ಅನ್ನುವ ದೇವತೆಯ ಕೈಯ ಧಾನ್ಯದ ತೆನೆ. ಧನುವಿನ ಜಾಗದಲ್ಲಿ ಪಬಿಲ್ಸಗ್, ಕುದುರೆಯ ಮೈ ಇರುವ ಬಿಲ್ಲುಗಾರ. ಕುಂಭದ ಜಾಗದಲ್ಲಿ ನೀರು ಸುರಿಯುವ ದೊಡ್ಡವನು. ಮಕರದ ಜಾಗದಲ್ಲಿ ಸುಹುರ್‌ಮಾಶು, ಅಂದರೆ ಮುಂದೆ ಆಡು, ಹಿಂದೆ ಮೀನು ಇರುವ ಪ್ರಾಣಿ. ಅದು ಈಯಾ ದೇವರ ಗುರುತು. ಈಯಾ ಭೂಮಿಯ ಅಡಿಯ ಸಿಹಿನೀರಿನ ಒಡೆಯ, ಬುದ್ಧಿಯ ದೇವರು. ಬಾಬಿಲೋನಿನ ರಾಜರು ಭೂಮಿ ದಾನ ಕೊಟ್ಟಾಗ ಕಲ್ಲಿನ ಮೇಲೆ ದೇವರುಗಳ ಗುರುತು ಕೆತ್ತಿಸುತ್ತಿದ್ದರು. ಅಲ್ಲಿ ಈ ಆಡು-ಮೀನನ್ನು ಈಗಲೂ ನೋಡಬಹುದು. ಅದೇ ಕಲ್ಲಿನ ನೆತ್ತಿಯಲ್ಲಿ ಚಂದ್ರ, ಸೂರ್ಯ, ಇಷ್ಟಾರಳ ನಕ್ಷತ್ರ. ನಮ್ಮ ದಾನಶಾಸನದ ಕಲ್ಲಿನ ತಲೆಯಲ್ಲೂ ಸೂರ್ಯ ಚಂದ್ರ ಇರುತ್ತಾರೆ. ಇದು ಬರೀ ಒಂದೇ ಥರ ಕಾಣುವ ಜಾತಿಗೆ ಸೇರಿದ್ದು. ರಾಶಿಯ ಕಥೆ ಹಾಗಲ್ಲ.

ಈಗ ಭಾರತಕ್ಕೆ ಬನ್ನಿ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ರಾಶಿಗಳ ರೂಪವನ್ನು ಒಂದೇ ಶ್ಲೋಕದಲ್ಲಿ ಹೇಳುತ್ತಾನೆ. ಧನು ಅಂದರೆ ಬಿಲ್ಲು ಹಿಡಿದ ಮನುಷ್ಯ, ಹಿಂಭಾಗ ಕುದುರೆಯದು. ಕನ್ಯೆ ದೋಣಿಯಲ್ಲಿದ್ದಾಳೆ, ಕೈಯಲ್ಲಿ ಬೆಂಕಿ ಮತ್ತು ಧಾನ್ಯದ ತೆನೆ. ಮಿಥುನ ಅಂದರೆ ಗಂಡು ಹೆಣ್ಣಿನ ಜೋಡಿ, ಒಬ್ಬರಿಗೆ ಗದೆ, ಒಬ್ಬರಿಗೆ ವೀಣೆ. ಮಕರದ ಬಗ್ಗೆ ಎರಡೇ ಪದ: ‘ಮಕರೋ ಮೃಗಾಸ್ಯಃ’. ಜಿಂಕೆಯ ಮುಖದ ಮಕರ.

ಈ ಶ್ಲೋಕ ಓದಿದಾಗಲೆಲ್ಲ ನನಗೆ ರೋಮಾಂಚನ ಆಗುತ್ತದೆ. ನಮ್ಮ ಮಕರಕ್ಕೆ ಜಿಂಕೆಯ ಮುಖ ಯಾಕೆ? ದೇವಸ್ಥಾನದ ಮಕರತೋರಣ ನೋಡಿ, ಮಕರಕ್ಕೆ ಸೊಂಡಿಲಿನಂಥ ಮೂತಿ ಇರುತ್ತದೆ, ಮೊಸಳೆಯ ಹಲ್ಲಿರುತ್ತದೆ. ಜಿಂಕೆಯ ಮುಖ ಎಲ್ಲೂ ಇಲ್ಲ. ರಾಶಿಯ ಮಕರಕ್ಕೆ ಮಾತ್ರ ಇದೆ. ಯಾಕೆಂದರೆ ಆ ಆಡು-ಮೀನು ಬಾಬಿಲೋನಿನಿಂದ ಗ್ರೀಕರ ಹತ್ತಿರ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು, ನಮ್ಮ ಮಕರದ ಮೈಯೊಳಗೆ ಸೇರಿಕೊಂಡಿತು. ಮುಖ ಮಾತ್ರ ಹಳೆಯದೇ ಉಳಿಯಿತು. ಕನ್ಯೆಯ ಕೈಯ ತೆನೆಯೂ ಹಾಗೆಯೇ. ಅದು ಶಾಲಾ ದೇವತೆಯ ತೆನೆ. ಮಿಥುನದ ಗದೆ, ವೀಣೆ ಮಾತ್ರ ಗ್ರೀಕರು ನಡುವೆ ಸೇರಿಸಿದ್ದು. ಆ ಜೋಡಿ ನಕ್ಷತ್ರಗಳನ್ನು ಅವರಲ್ಲಿ ಕೆಲವರು ಅಪೊಲೊ, ಹೆರಾಕ್ಲಿಸ್ ಅಂತ ಕರೆದರು. ಅಪೊಲೊನ ಕೈಯಲ್ಲಿ ತಂತಿವಾದ್ಯ, ಹೆರಾಕ್ಲಿಸನ ಕೈಯಲ್ಲಿ ದೊಣ್ಣೆ. ಇಲ್ಲಿ ಅವರು ಗಂಡು ಹೆಣ್ಣಾದರು, ವಾದ್ಯ ವೀಣೆಯಾಯಿತು.

ಇದನ್ನು ತಂದವರು ಯಾರು? ಅಲೆಕ್ಸಾಂಡರನ ನಂತರ ಬಾಬಿಲೋನಿನ ವಿದ್ಯೆ ಗ್ರೀಕ್ ಭಾಷೆಗೆ ಹೋಯಿತು, ಈಜಿಪ್ಟಿನ ಅಲೆಕ್ಸಾಂಡ್ರಿಯದಂಥ ಊರುಗಳಲ್ಲಿ ಬೆಳೆಯಿತು. ಅಲ್ಲಿಂದ ಹಡಗುಗಳು ಕೆಂಪು ಸಮುದ್ರದ ಮೂಲಕ, ಮುಂಗಾರು ಗಾಳಿ ಹಿಡಿದು, ನಮ್ಮ ಈ ಪಡುವಣ ಕರಾವಳಿಗೇ ಬರುತ್ತಿದ್ದವು. ಅವರಿಗೆ ಬೇಕಾದದ್ದು ಒಳ್ಳೆಮೆಣಸು. 2ನೇ ಶತಮಾನದ ಒಂದು ಪಪೈರಸ್ ಹಾಳೆಯಲ್ಲಿ ಕೇರಳ ಕರಾವಳಿಯ ಮುಜಿರಿಸ್ ಬಂದರಿನ ಸಾಲಪತ್ರದ ಪ್ರಸ್ತಾಪವೂ, ಹೆರ್ಮಪೊಲನ್ ಅನ್ನುವ ಹಡಗಿನ ಸರಕಿನ ಲೆಕ್ಕವೂ ಇದೆ. ನಮ್ಮ ತೋಟದ ಮೆಣಸು ಆ ಕಡೆ ಹೋಯಿತು, ಆ ಕಡೆಯ ಜಾತಕ ವಿದ್ಯೆ ಈ ಕಡೆ ಬಂತು. ಯವನಜಾತಕ ಅನ್ನುವ ಸಂಸ್ಕೃತ ಗ್ರಂಥದ ಹೆಸರೇ ಅದನ್ನು ಹೇಳುತ್ತದೆ, ಯವನ ಅಂದರೆ ಗ್ರೀಕ.

ವರಾಹಮಿಹಿರ ರಾಶಿಗಳ ಇನ್ನೊಂದು ಪಟ್ಟಿಯನ್ನೂ ಕೊಡುತ್ತಾನೆ. ಕ್ರಿಯ, ತಾವುರಿ, ಜಿತುಮ, ಲೇಯ, ಪಾಥೋನ, ಜೂಕ, ಕೌರ್ಪ್ಯ, ತೌಕ್ಷಿಕ, ಆಕೋಕೇರ. ಇವು ಯಾವುವೂ ಸಂಸ್ಕೃತವಲ್ಲ. ಗ್ರೀಕಿನ ಕ್ರಿಯೋಸ್, ತೌರೋಸ್, ದಿದುಮೋಯ್, ಲೆಯೋನ್, ಪಾರ್ಥೆನೋಸ್ ಮುಂತಾದವು ನಮ್ಮ ನಾಲಿಗೆಗೆ ಒಗ್ಗಿದ ರೂಪಗಳು. ಆತ ಅದನ್ನು ಮುಚ್ಚಿಡಲಿಲ್ಲ. ಬೃಹತ್ಸಂಹಿತೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಯವನರು ಮ್ಲೇಚ್ಛರು, ಆದರೆ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿದೆ, ಅವರನ್ನೂ ಋಷಿಗಳ ಹಾಗೆ ಗೌರವಿಸುತ್ತಾರೆ ಅಂತ. ಒಂದೂವರೆ ಸಾವಿರ ವರ್ಷದ ಹಿಂದೆ ನಮ್ಮ ಜ್ಯೋತಿಷಿಯೊಬ್ಬ ಈ ಮಾತು ಹೇಳಿದ್ದಾನೆ. ಹೊರಗಿನಿಂದ ಬಂದದ್ದನ್ನು ಬಂದದ್ದು ಅಂತ ಹೇಳಿದರೆ ನಮಗೆ ಅವಮಾನ ಅಂದುಕೊಳ್ಳುವವರು ಇದನ್ನು ಓದಬೇಕು.

ವಾರದ ಹೆಸರುಗಳ ಕಥೆಯೂ ಹೀಗೇ. ಇದನ್ನು ನೀವೇ ಮನೆಯಲ್ಲಿ ಲೆಕ್ಕ ಹಾಕಿ ನೋಡಬಹುದು. ಆದಿತ್ಯವಾರದ ನಂತರ ಸೋಮವಾರ ಯಾಕೆ? ಸೂರ್ಯನ ಪಕ್ಕ ಚಂದ್ರ, ಚಂದ್ರನ ಪಕ್ಕ ಮಂಗಳ, ಇದು ಯಾವ ಕ್ರಮ? ಆಕಾಶದಲ್ಲಿ ಹೀಗಿಲ್ಲ.

ಪಂಚಾಂಗದಲ್ಲಿ ಕಾಲಹೋರೆ ಅಂತ ಒಂದು ಕೋಷ್ಟಕ ಇರುತ್ತದೆ. ಹಗಲು ರಾತ್ರಿ ಸೇರಿ 24 ಹೋರೆ. ಒಂದೊಂದು ಹೋರೆಗೆ ಒಂದೊಂದು ಗ್ರಹ ಒಡೆಯ. ನಿಧಾನವಾಗಿ ಚಲಿಸುವ ಗ್ರಹದಿಂದ ಬೇಗ ಚಲಿಸುವ ಗ್ರಹದವರೆಗೆ ಸಾಲು ಹೀಗೆ: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ಶನಿವಾರದ ಮೊದಲ ಹೋರೆ ಶನಿಯದು. ಏಳೇಳರ ಮೂರು ಸುತ್ತು ಮುಗಿದರೆ 21. ಉಳಿದ ಮೂರು ಶನಿ, ಗುರು, ಮಂಗಳರಿಗೆ ಹೋಗುತ್ತದೆ. ಮರುದಿನದ ಮೊದಲ ಹೋರೆ ಸೂರ್ಯನದು. ಅದಕ್ಕೇ ಶನಿವಾರದ ಮರುದಿನ ಆದಿತ್ಯವಾರ. ಸೂರ್ಯನಿಂದ ಎಣಿಸಿ, ಮರುದಿನ ಚಂದ್ರ ಸಿಗುತ್ತಾನೆ. ಅಲ್ಲಿಂದ ಮಂಗಳ. ವಾರ ಪೂರ್ತಿ ಹೀಗೇ ಬರುತ್ತದೆ.

ಈಗ ನಮ್ಮ ಹಳೆಯ ಲೆಕ್ಕ, ಅಂದರೆ ದಿನಕ್ಕೆ 60 ಘಳಿಗೆ, ಅದರಿಂದ ಇದೇ ಆಟ ಆಡಿ ನೋಡಿ. ಏಳೇಳರ ಎಂಟು ಸುತ್ತಿಗೆ 56. ಉಳಿದದ್ದು ನಾಲ್ಕು. ಶನಿವಾರದ ಮರುದಿನದ ಮೊದಲ ಘಳಿಗೆ ಶುಕ್ರನಿಗೆ ಬರುತ್ತದೆ, ಅದರ ಮರುದಿನ ಗುರುವಿಗೆ. ವಾರ ಪೂರ್ತಿ ತಿರುಗುಮುರುಗಾಗಿ ಹಿಂದಕ್ಕೆ ಓಡುತ್ತದೆ. ಅಂದರೆ ನಮ್ಮ ವಾರದ ಕ್ರಮ 60 ಘಳಿಗೆ ಎಣಿಸಿದವರು ಕಟ್ಟಿದ್ದಲ್ಲ. 24 ಗಂಟೆ ಎಣಿಸಿದವರು ಕಟ್ಟಿದ್ದು. 24ರ ಲೆಕ್ಕ ಈಜಿಪ್ಟಿನದು, ಗ್ರಹದೇವತೆಗಳು ಬಾಬಿಲೋನಿನವರು, ಜೋಡಿಸಿದ್ದು ಗ್ರೀಕ್ ಮಾತನಾಡುವ ಲೋಕ. ಭಾರತದಲ್ಲಿ ವಾರದ ಹೆಸರು ಇರುವ ಹಳೆಯ ಶಾಸನ ಅಂತ ಸಾಮಾನ್ಯವಾಗಿ ತೋರಿಸುವುದು ಮಧ್ಯಪ್ರದೇಶದ ಎರಣ್ ಕಂಬದ್ದು. ಬುಧಗುಪ್ತನ ಕಾಲ, ಕ್ರಿ.ಶ. 484. ಅಲ್ಲಿ ಗುರುವಾರವನ್ನು ಸುರಗುರುವಿನ ದಿವಸ ಅಂತ ಬರೆದಿದ್ದಾರೆ.

ಆ ಸುರಗುರು ಅನ್ನುವ ಹೆಸರನ್ನು ಗಮನಿಸಿ. ಬಾಬಿಲೋನಿನಲ್ಲಿ ಆ ಗ್ರಹ ಮರ್ದುಕನದು, ದೇವರುಗಳ ರಾಜನದು. ಗ್ರೀಕರು ಅಲ್ಲಿ ತಮ್ಮ ಜ್ಯೂಸನನ್ನು ಕೂರಿಸಿದರು. ನಮ್ಮವರು ಇಂದ್ರನನ್ನು ಕೂರಿಸಬಹುದಿತ್ತು. ಕೂರಿಸಲಿಲ್ಲ, ದೇವತೆಗಳ ಪುರೋಹಿತನಾದ ಬೃಹಸ್ಪತಿಗೆ ಕೊಟ್ಟರು. ಶುಕ್ರನ ವಿಷಯ ಇನ್ನೂ ಸೊಗಸಾಗಿದೆ. ಬಾಬಿಲೋನಿನಲ್ಲಿ ಅದು ಇಷ್ಟಾರ್, ಪ್ರೀತಿ ಮತ್ತು ಯುದ್ಧ ಎರಡರ ದೇವತೆ. ಗ್ರೀಕರಲ್ಲಿ ಅಫ್ರೊಡೈಟಿ. ನಮ್ಮಲ್ಲಿ? ಸತ್ತವರನ್ನು ಬದುಕಿಸುವ ಮಂತ್ರ ಬಲ್ಲ ಅಸುರರ ಗುರು, ಗಂಡಸು. ಹಾಗಿದ್ದರೂ ಜಾತಕ ಹೇಳುವವರ ಹತ್ತಿರ ಹೋದರೆ ಮದುವೆ, ಪ್ರೀತಿಯ ವಿಷಯಕ್ಕೆ ಶುಕ್ರನನ್ನೇ ನೋಡುತ್ತಾರೆ. ಕುರ್ಚಿಯ ಮೇಲೆ ಕೂತ ದೇವರು ಬದಲಾದರು, ಕುರ್ಚಿಯ ಕೆಲಸ ಉಳಿಯಿತು. ಬುಧ ಬಾಬಿಲೋನಿನಲ್ಲಿ ನಬು, ಬರವಣಿಗೆಯ ದೇವರು. ನಮ್ಮ ಬುಧನಿಗೂ ಓದು, ಲೆಕ್ಕವೇ ಖಾತೆ. ಮಂಗಳ ನೆರ್ಗಲ್, ಯುದ್ಧ ಮತ್ತು ರೋಗದ ದೇವರು. ಶನಿ ನಿನುರ್ತ.

ರಾಹು ಕೇತುಗಳು ಮಾತ್ರ ಈ ಏಳರ ಸಾಲಿಗೆ ಸೇರಿದವರಲ್ಲ. ಅವರಿಗೆ ವಾರವೂ ಇಲ್ಲ. ನವಗ್ರಹದ ಸುತ್ತು ಬರುವಾಗ ಗಮನಿಸಿ, ಏಳು ಮಂದಿಗೆ ದಿನ ಇದೆ, ಇಬ್ಬರಿಗೆ ಇಲ್ಲ.

ದಾರಿ ಸಿಗುವ ಇನ್ನೊಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಟರ್ಕಿಯ ಬೊಗಜ್‌ಕೋಯ್‌ನಲ್ಲಿ 1906ರಲ್ಲಿ ಉತ್ಖನನ ಶುರುವಾಯಿತು. ಆ ನೆಲವನ್ನು ಹಿಂದೆ ಆಳಿದ ಹಿಟ್ಟೈಟ್ ರಾಜರ ಕಾಗದಪತ್ರದ ಕೋಣೆ ಸಿಕ್ಕಿತು, ಕಾಗದದ ಬದಲು ಮಣ್ಣಿನ ಹಲಗೆ. ಅದರಲ್ಲಿ ಕ್ರಿ.ಪೂ. 14ನೇ ಶತಮಾನದ ಒಂದು ಒಪ್ಪಂದ. ಒಂದು ಕಡೆ ಹಿಟ್ಟೈಟ್ ರಾಜ, ಇನ್ನೊಂದು ಕಡೆ ಉತ್ತರ ಸಿರಿಯಾದ ಕಡೆಯ ಮಿತನ್ನಿ ರಾಜ್ಯದ ರಾಜ. ಭಾಷೆ ಬಾಬಿಲೋನಿನ ಅಕ್ಕಾಡಿಯನ್. ಮಾತು ತಪ್ಪಿದರೆ ನೋಡಿಕೊಳ್ಳಲು ಸಾಕ್ಷಿಗಳಾಗಿ ಎರಡೂ ಕಡೆಯ ದೇವರುಗಳನ್ನು ಕರೆದಿದ್ದಾರೆ. ಮಿತನ್ನಿಯ ಪಟ್ಟಿಯಲ್ಲಿ ಅನು, ಎನ್‌ಲಿಲ್, ಚಂದ್ರ ದೇವರು, ಸೂರ್ಯ ದೇವರು ಇದ್ದಾರೆ. ಅವರ ಜೊತೆಯಲ್ಲೇ ಮಿತ್ರ, ವರುಣ, ಇಂದ್ರ, ನಾಸತ್ಯರು ಇದ್ದಾರೆ. ನಾಸತ್ಯರು ಅಂದರೆ ನಮ್ಮ ಅಶ್ವಿನಿ ದೇವತೆಗಳು. ವೇದದ ದೇವರೂ ಬಾಬಿಲೋನಿನ ದೇವರೂ ಒಂದೇ ಹಲಗೆಯಲ್ಲಿ ಅಕ್ಕಪಕ್ಕ ಸಾಕ್ಷಿ ನಿಂತಿದ್ದಾರೆ. ಆದರೂ ಇಂದ್ರನೇ ಎನ್‌ಲಿಲ್ ಅಂತ ಆ ಬರಹಗಾರ ಬರೆಯಲಿಲ್ಲ. ಇಬ್ಬರ ಹೆಸರನ್ನೂ ಬೇರೆ ಬೇರೆಯಾಗಿ ಬರೆದ. ನನಗೆ ಅದು ಬಹಳ ದೊಡ್ಡ ವಿಷಯ ಅನಿಸುತ್ತದೆ.

ಈಗ ಎರಡನೇ ಜಾತಿ. ಒಂದೇ ಥರ ಕಾಣುತ್ತದೆ, ದಾರಿ ಕಾಣುವುದಿಲ್ಲ.

ಇಷ್ಟಾರ್ ಪಾತಾಳಕ್ಕೆ ಇಳಿದ ಕಥೆ ಗೊತ್ತಿರಬಹುದು. ಅಲ್ಲಿಯ ಇನ್ನೂ ಹಳೆಯ ಸುಮೇರಿಯನ್ ಭಾಷೆಯಲ್ಲಿ ಆಕೆ ಇನನ್ನಾ. ಪಾತಾಳದ ರಾಣಿ ಎರೆಶ್ಕಿಗಲ್ ಆಕೆಯ ಅಕ್ಕ. ಅಲ್ಲಿಗೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ಕಾವಲಿನವನು ಒಂದೊಂದು ವಸ್ತು ತೆಗೆಯುತ್ತಾನೆ. ಕಿರೀಟ, ಕಿವಿಯೋಲೆ, ಕೊರಳ ಮಣಿಸರ, ಎದೆಯ ಸೂಜಿ, ಸೊಂಟದ ಪಟ್ಟಿ, ಕೈಕಾಲಿನ ಬಳೆ, ಕೊನೆಗೆ ಉಟ್ಟ ಬಟ್ಟೆ. ಯಾಕೆ ತೆಗೆದೆ ಅಂತ ಆಕೆ ಪ್ರತಿ ಸಲ ಕೇಳುತ್ತಾಳೆ. ಇಲ್ಲಿಯ ಕಟ್ಟಳೆ ಹೀಗೆ ಅಂತ ಪ್ರತಿ ಸಲ ಒಂದೇ ಉತ್ತರ. ಆಕೆ ಕೆಳಗೆ ಸಿಕ್ಕಿಕೊಂಡಾಗ ಮೇಲೆ ಹೋರಿ ಹಸುವಿನ ಹತ್ತಿರ ಹೋಗುವುದಿಲ್ಲ, ಗಂಡು ಹೆಣ್ಣು ಬೇರೆ ಬೇರೆ ಮಲಗುತ್ತಾರೆ.

ಎಂಥಾ ಕಥೆ! ಇದನ್ನು ನಮ್ಮ ಏಳು ಚಕ್ರಕ್ಕೆ ಹೊಂದಿಸಿ ಚಾರ್ಟ್ ಮಾಡುತ್ತಾರೆ. ಏಳು ಅನ್ನುವ ಸಂಖ್ಯೆ ಬಿಟ್ಟರೆ ಏನು ಹೊಂದುತ್ತದೆ? ಆಕೆ ಇಳಿಯುತ್ತಾಳೆ, ಕುಂಡಲಿನಿ ಏರುತ್ತದೆ. ಆಕೆ ಕಳೆದುಕೊಳ್ಳುತ್ತಾ ಹೋಗಿ ಹೆಣವಾಗುತ್ತಾಳೆ. ನಮ್ಮ ಹಳೆಯ ಗ್ರಂಥಗಳಲ್ಲಿ ಚಕ್ರ ಏಳೇ ಅಂತ ಕೂಡ ಇಲ್ಲ. ಐದು, ಆರು, ಒಂಬತ್ತು, ಒಂದೊಂದು ಪರಂಪರೆಗೆ ಒಂದೊಂದು. ಇವತ್ತು ಎಲ್ಲರೂ ಹೇಳುವ ಪಟ್ಟಿ 1577ರಲ್ಲಿ ಬಂಗಾಳದ ಪೂರ್ಣಾನಂದ ಬರೆದ ಷಟ್ಚಕ್ರನಿರೂಪಣದಿಂದ ಬಂದದ್ದು. ಹೆಸರೇ ಹೇಳುವ ಹಾಗೆ ಆರು ಚಕ್ರ, ಮೇಲೆ ಸಹಸ್ರಾರ. 1919ರಲ್ಲಿ ಜಾನ್ ವುಡ್ರಫ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದೊಂದೇ ಪಟ್ಟಿ ಜಗತ್ತಿಗೆಲ್ಲ ಗೊತ್ತಾಯಿತು.

ಬಣ್ಣದ ವಿಷಯವನ್ನೂ ಹೇಳಬೇಕು. ಯೋಗ ತರಗತಿಯ ಗೋಡೆಯಲ್ಲಿ ಚಕ್ರಗಳಿಗೆ ಕಾಮನಬಿಲ್ಲಿನ ಬಣ್ಣ ಇರುತ್ತದೆ, ಕೆಳಗೆ ಕೆಂಪು, ಹೊಕ್ಕುಳಲ್ಲಿ ಹಳದಿ, ಎದೆಯಲ್ಲಿ ಹಸಿರು. ಪೂರ್ಣಾನಂದನನ್ನು ತೆರೆದು ನೋಡಿ. ಹೊಕ್ಕುಳಿನ ಮಣಿಪೂರದ ದಳಗಳು ಮಳೆ ತುಂಬಿದ ಮೋಡದ ಬಣ್ಣ. ಎದೆಯ ಅನಾಹತ ಬಂಧೂಕ ಹೂವಿನ ಕೆಂಪು. ಕೊರಳಿನ ವಿಶುದ್ಧ ಹೊಗೆಯ ಬಣ್ಣ. ಕಾಮನಬಿಲ್ಲಿನ ಕ್ರಮ 20ನೇ ಶತಮಾನದಲ್ಲಿ ಪಶ್ಚಿಮದಲ್ಲಿ ಗಟ್ಟಿಯಾದದ್ದು. ಆಷಾಢದ ಮೋಡದ ಬಣ್ಣ ನಮಗೆ ಗೊತ್ತು, ಆಟಿಯಲ್ಲಿ ಕಣ್ಣೆದುರೇ ಇರುತ್ತದೆ. ಅದನ್ನು ಬಿಟ್ಟು ಹಳದಿ ಹಚ್ಚಿದ ಚಿತ್ರವನ್ನು ನಮ್ಮ ಋಷಿಗಳದ್ದು ಅಂತ ಮಕ್ಕಳಿಗೆ ಕಲಿಸುತ್ತಿದ್ದೇವೆ. ನನಗೆ ಅದು ಬೇಸರ.

ಹೀಗೆ ಬೆರೆಸುವ ರೂಢಿ ಎಲ್ಲಿಂದ ಬಂತು? ಲಂಡನ್ನಿನಲ್ಲಿ 1872ರ ಡಿಸೆಂಬರ್‌ನಲ್ಲಿ ಜಾರ್ಜ್ ಸ್ಮಿತ್ ಅನ್ನುವವನು ಬಾಬಿಲೋನಿನ ನೆರೆಯ ಅಸ್ಸೀರಿಯ ರಾಜ್ಯದ ನಿನೆವೆ ಊರಿನ ಹಲಗೆಯಿಂದ ಪ್ರಳಯದ ಕಥೆಯನ್ನು ಓದಿ ತೋರಿಸಿದ. ಎರಡು ಸಾವಿರ ವರ್ಷ ಯಾರೂ ಓದದ ಲಿಪಿ ಬಾಯಿ ಬಿಟ್ಟಿತ್ತು. ಅದೇ ಕಾಲದಲ್ಲಿ ವೇದ, ಉಪನಿಷತ್ತುಗಳ ಅನುವಾದವೂ ಯುರೋಪಿನಲ್ಲಿ ಓಡಾಡುತ್ತಿತ್ತು. 1875ರಲ್ಲಿ ನ್ಯೂಯಾರ್ಕಿನಲ್ಲಿ ಥಿಯಾಸಾಫಿಕಲ್ ಸೊಸೈಟಿ ಹುಟ್ಟಿತು, 1882ರಲ್ಲಿ ಮದರಾಸಿನ ಅಡ್ಯಾರಿಗೆ ಬಂತು. 1888ರಲ್ಲಿ ಅದನ್ನು ಸ್ಥಾಪಿಸಿದವರಲ್ಲಿ ಒಬ್ಬಳಾದ ಬ್ಲಾವಟ್ಸ್ಕಿ ತನ್ನ ದೊಡ್ಡ ಗ್ರಂಥದಲ್ಲಿ ಕಲ್ದೀಯ (ಅಂದರೆ ಬಾಬಿಲೋನ್), ಈಜಿಪ್ಟ್, ಹಿಂದೂ, ಬೌದ್ಧ ಎಲ್ಲವನ್ನೂ ಒಂದೇ ಗುಪ್ತಜ್ಞಾನದ ಚೂರುಗಳು ಅಂತ ಜೋಡಿಸಿದಳು. ಅವರ ಉತ್ಸಾಹ ನನಗೆ ಅರ್ಥವಾಗುತ್ತದೆ. ಅವರಿಂದ ಆದ ಉಪಕಾರವೂ ಇದೆ. 1886ರಲ್ಲಿ ಶುರುವಾದ ಅಡ್ಯಾರ್ ಗ್ರಂಥಾಲಯ ಎಷ್ಟೋ ಸಂಸ್ಕೃತ ಹಸ್ತಪ್ರತಿಗಳನ್ನು ಉಳಿಸಿತು.

ಆದರೆ ಆ ಬೆರಕೆಯಲ್ಲಿ ನಮ್ಮ ಪದಗಳು ಬೇರೆಯೇ ಆಗಿ ವಾಪಸು ಬಂದವು. ನ್ಯಾಯ, ವೈಶೇಷಿಕ ದರ್ಶನದವರಿಗೆ ಆಕಾಶ ಅಂದರೆ ಶಬ್ದವನ್ನು ಗುಣವಾಗಿ ಉಳ್ಳ ಐದನೇ ಭೂತ. ಥಿಯಾಸಾಫಿಯವರ ಕೈಯಲ್ಲಿ ಅದು ಜಗತ್ತಿನಲ್ಲಿ ನಡೆದದ್ದೆಲ್ಲ ದಾಖಲಾಗಿರುವ ಒಂದು ಉಗ್ರಾಣವಾಯಿತು. ಈಗ ಆಕಾಶಿಕ್ ರೆಕಾರ್ಡ್ ಓದಿ ಹೇಳುತ್ತೇವೆ ಅಂತ ಹಣ ತೆಗೆದುಕೊಳ್ಳುವವರು ನಮ್ಮ ಊರಿನಲ್ಲೂ ಇದ್ದಾರೆ. ಇಷ್ಟಾರ್–ಈಶ್ವರಿ ವಿಷಯವೂ ಅಷ್ಟೇ. ಈಶ್ವರಿ ಬರುವುದು ಸಂಸ್ಕೃತದ ಈಶ್ ಧಾತುವಿನಿಂದ, ಆಳುವುದು ಅನ್ನುವ ಅರ್ಥ. ಇಷ್ಟಾರ್ ಸೆಮಿಟಿಕ್ ಹೆಸರು, ಅಂದರೆ ಅರಬ್ಬಿ, ಹೀಬ್ರೂ ಭಾಷೆಗಳ ಕುಟುಂಬದ್ದು, ಅದರ ನೆಂಟರು ಅಸ್ತಾರ್ತೆ, ಅರೇಬಿಯದ ಅಥ್ತರ್. ಕಿವಿಗೆ ಮಾತ್ರ ಹತ್ತಿರ.

ಇಷ್ಟು ಹೇಳಿದ ಮೇಲೆ ದಾರಿ ಇಲ್ಲದ ಹೋಲಿಕೆ ಪ್ರಯೋಜನವಿಲ್ಲ ಅಂತ ಅಂದುಕೊಳ್ಳಬೇಡಿ. ನನಗೆ ಬಾಬಿಲೋನ್ ಹತ್ತಿರವಾದದ್ದೇ ನಮ್ಮ ದೈವಗಳಿಂದ.

ಬಾಬಿಲೋನ್, ಅಸ್ಸೀರಿಯದ ದೇವರುಗಳಿಗೆ ಊರು ಇರುತ್ತಿತ್ತು. ಮರ್ದುಕನ ಊರು ಬಾಬಿಲೋನ್, ಎನ್‌ಲಿಲನದು ನಿಪ್ಪುರ್, ಈಯಾನದು ಎರಿದು, ನಬುವಿನದು ಬೋರ್ಸಿಪ್ಪ. ಅಸ್ಸೀರಿಯದ ರಾಜರ ಶಾಸನಗಳಲ್ಲಿ ನಿನೆವೆಯ ಇಷ್ಟಾರ್, ಅರ್ಬೆಲದ ಇಷ್ಟಾರ್ ಅಂತ ಇಬ್ಬರ ಹೆಸರನ್ನೂ ಪಕ್ಕಪಕ್ಕದಲ್ಲಿ ಹೇಳುತ್ತಾರೆ. ಪುಸ್ತಕ ಮಾತ್ರ ಓದಿದವರಿಗೆ ಇದು ಗೊಂದಲ. ಒಬ್ಬಳೋ ಇಬ್ಬರೋ ಅಂತ ಕೇಳುತ್ತಾರೆ. ನಮಗೆ ಗೊಂದಲವೇ ಇಲ್ಲ. ಆ ಗುತ್ತಿನ, ಅಂದರೆ ಆ ದೊಡ್ಡಮನೆಯ, ಧೂಮಾವತಿ ಬೇರೆ, ಈ ಗುತ್ತಿನ ಧೂಮಾವತಿ ಬೇರೆ, ಎರಡೂ ಧೂಮಾವತಿಯೇ. ಹರಕೆ ಹೇಳಿದ ಕಡೆಗೇ ಸಲ್ಲಿಸಬೇಕು.

ಕ್ರಿ.ಪೂ. 14ನೇ ಶತಮಾನದಲ್ಲಿ ಮಿತನ್ನಿಯ ರಾಜ ತುಶ್ರತ್ತ ನಿನೆವೆಯ ದೇವಿಯ ವಿಗ್ರಹವನ್ನು ಈಜಿಪ್ಟಿನ ಫರೋ ಹತ್ತಿರ ಕಳಿಸಿದ. ಜೊತೆಗೆ ಕೊಟ್ಟ ಪತ್ರ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕಿದೆ. ನಾನು ಪ್ರೀತಿಸುವ ದೇಶಕ್ಕೆ ಹೋಗಿ ಬರುತ್ತೇನೆ ಅಂತ ದೇವಿಯೇ ಹೇಳಿದ್ದಾಳೆ, ಹಿಂದೆಯೂ ಒಮ್ಮೆ ಬಂದಿದ್ದಳು, ಈಗಲೂ ಮರ್ಯಾದೆ ಮಾಡಿ, ಖುಷಿಯಿಂದ ವಾಪಸು ಕಳಿಸಿ ಅಂತ ಅದರಲ್ಲಿದೆ. ದೇವಿಯ ಇಷ್ಟ, ದೇವಿಯ ಪಯಣ, ದೇವಿಗೆ ಸಲ್ಲಬೇಕಾದ ಮರ್ಯಾದೆ. ಇದು ಪಾಡ್ದನ, ಅಂದರೆ ದೈವಗಳ ಕಥೆಯ ಹಾಡು, ಕೇಳಿ ಬೆಳೆದವರಿಗೆ ಹೊಸ ಭಾಷೆಯೇ ಅಲ್ಲ.

ನೀಲೇಶ್ವರದ ವಿಷ್ಣುಮೂರ್ತಿಯ ಕಥೆ ನೆನಪು ಮಾಡಿಕೊಳ್ಳಿ. ಪಾಲಂತಾಯಿ ಕಣ್ಣನ್ ಅನ್ನುವ ಹುಡುಗ, ಕುರುಪ್ ಅನ್ನುವ ಯಜಮಾನನ ಮನೆಯ ದನ ಕಾಯುವವನು. ಅವನು ಮಾವಿನ ಮರ ಹತ್ತಿದ್ದಾಗ ಮೇಲಿಂದ ಬಿದ್ದ ಹಣ್ಣು ಕುರುಪ್ಪಿನ ಸೊಸೆಗೆ ತಾಗಿತು. ಹೆದರಿ ಮಂಗಳೂರು ಕಡೆಗೆ ಓಡಿದ. ಅಲ್ಲಿ ಒಂದು ತುಳು ಮನೆಯಲ್ಲಿ ಆಶ್ರಯ, ಅಲ್ಲಿಯ ದೈವದ ಸೇವೆ. ವರ್ಷಗಳ ನಂತರ ದೈವದ ಆಯುಧದೊಂದಿಗೆ ಊರಿಗೆ ಮರಳಿದ. ಕೆರೆಯಲ್ಲಿ ಮೀಯಲು ಇಳಿದಾಗ ಕುರುಪ್ ಅವನನ್ನು ಕಡಿದ. ಆಮೇಲೆ ಕುರುಪ್ಪಿನ ಮನೆಯಲ್ಲಿ ರೋಗ, ಅನಿಷ್ಟ. ಕೊನೆಗೆ ದೈವಕ್ಕೆ ಗುಡಿ ಕಟ್ಟಿ ತೆಯ್ಯಂ ಕೊಟ್ಟರು. ಇಲ್ಲಿ ದೈವ ಬಂದ ದಾರಿ ಇದೆ, ತಂದ ಹುಡುಗ ಇದ್ದಾನೆ, ಅವನ ರಕ್ತ ಇದೆ. ವಿಷ್ಣುಮೂರ್ತಿ ಅಂದರೆ ನರಸಿಂಹ ಅಂತ ಒಂದು ಸಾಲಿನಲ್ಲಿ ಹೇಳಿದರೆ ತಪ್ಪೇನೂ ಇಲ್ಲ. ಆದರೆ ಆ ಒಂದು ಸಾಲಿನಲ್ಲಿ ಕಣ್ಣನ್ ಕಾಣೆಯಾಗುತ್ತಾನೆ. ಎಲ್ಲ ದೇವರೂ ಒಂದೇ ಅನ್ನುವ ಚಾರ್ಟುಗಳ ಮೇಲೆ ನನಗಿರುವ ತಕರಾರು ಇದೇ.

ಇನ್ನೊಂದು ಹೋಲಿಕೆ. ಬಾಬಿಲೋನಿನ ಹೊಸ ವರ್ಷದ ಹಬ್ಬ ಅಕಿತು, ವಸಂತದಲ್ಲಿ, ಹೆಚ್ಚುಕಡಿಮೆ ನಮ್ಮ ಬಿಸುವಿನ ಋತುವಿನಲ್ಲಿ. ಐದನೇ ದಿನ ರಾಜ ಮರ್ದುಕನ ಗುಡಿಯೊಳಗೆ ಹೋಗುತ್ತಾನೆ. ದೊಡ್ಡ ಪೂಜಾರಿ ಅವನ ರಾಜದಂಡ, ಕಿರೀಟ ತೆಗೆದಿಡುತ್ತಾನೆ. ಕೆನ್ನೆಗೆ ಹೊಡೆಯುತ್ತಾನೆ, ಕಿವಿ ಹಿಡಿದು ಎಳೆದು ಮಂಡಿಯೂರಿಸುತ್ತಾನೆ. ನಾನು ಪಾಪ ಮಾಡಿಲ್ಲ, ಬಾಬಿಲೋನನ್ನು ಕೆಡಿಸಿಲ್ಲ, ನನ್ನ ಆಶ್ರಯದ ಜನರ ಕೆನ್ನೆಗೆ ಹೊಡೆದಿಲ್ಲ ಅಂತ ರಾಜ ಹೇಳಬೇಕು. ಕಿರೀಟ ಮರಳಿ ಕೊಟ್ಟ ಮೇಲೆ ಇನ್ನೊಂದು ಏಟು. ರಾಜನ ಕಣ್ಣಲ್ಲಿ ನೀರು ಬಂದರೆ ದೇವರು ಪ್ರಸನ್ನ.

ನೇಮದಲ್ಲಿ ದೈವ ಗುತ್ತಿನ ಯಜಮಾನನನ್ನು ಹೆಸರು ಹಿಡಿದು ಕರೆದು ಲೆಕ್ಕ ಕೇಳುವುದನ್ನು ನೀವೆಲ್ಲ ಕಂಡಿದ್ದೀರಿ. ದೈವ ಕಟ್ಟಿದವರು ನಲಿಕೆಯವರೋ, ಪಂಬದರೋ, ಪರವರೋ. ಬೆಳಿಗ್ಗೆ ಅದೇ ಯಜಮಾನನ ಅಂಗಳದ ಹೊರಗೆ ನಿಲ್ಲುತ್ತಿದ್ದ ಜನ. ಪೊಟ್ಟನ್ ತೆಯ್ಯವಂತೂ ಜಾತಿಯನ್ನೇ ಪ್ರಶ್ನೆ ಮಾಡುತ್ತದೆ. ನಿನ್ನನ್ನು ಕೊಯ್ದರೂ ರಕ್ತ, ನನ್ನನ್ನು ಕೊಯ್ದರೂ ರಕ್ತ ಅಂತ ಹಾಡುತ್ತದೆ. ಬಾಬಿಲೋನಿನಿಂದ ಇಲ್ಲಿಗೆ ಈ ಆಚಾರ ಬರಲಿಲ್ಲ. ಎರಡು ಜನಾಂಗ ಬೇರೆ ಬೇರೆಯಾಗಿ ಒಂದೇ ಅಗತ್ಯವನ್ನು ಕಂಡುಕೊಂಡವು. ವರ್ಷಕ್ಕೆ ಒಮ್ಮೆಯಾದರೂ ಅಧಿಕಾರ ಇರುವವನು ದೇವರ ಎದುರು ತಲೆ ತಗ್ಗಿಸಿ ಉತ್ತರ ಕೊಡಬೇಕು ಅನ್ನುವ ಅಗತ್ಯ. ಇದನ್ನು ಅರ್ಥ ಮಾಡಿಕೊಳ್ಳಲು ಗುಪ್ತವಿದ್ಯೆಯ ಎಳೆ ಬೇಕಾಗಿಲ್ಲ.

ಇಷ್ಟು ನನ್ನ ಮಾತು. ಪ್ರಶ್ನೆಗಳಿಗೆ ಬರೋಣ.

ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು: ‘ಅನಂತಪುರ ಕೆರೆಯ ಬಬಿಯಾ ಮೊಸಳೆಯನ್ನು ಮಕರ ಅನ್ನಬಹುದಾ? ಅದಕ್ಕೂ ನೀವು ಹೇಳಿದ ಆಡು-ಮೀನಿಗೂ ಸಂಬಂಧ ಇದೆಯಾ?’

ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಹೋದಾಗ ಕುಂಬಳೆಯ ಕಡೆ ಎಷ್ಟು ಜನ ಸೇರಿದ್ದರು ಅಂತ ನಮಗೆಲ್ಲ ನೆನಪಿದೆ. ದೇವಸ್ಥಾನದ ನೈವೇದ್ಯ ತಿನ್ನುತ್ತಿದ್ದ, ಅನಂತಪದ್ಮನಾಭನ ಕಾವಲಿನ ಮೊಸಳೆ. ಮಕರ ಅನ್ನುವುದು ಸರಿಯೇ. ನೀರನ್ನು ಕಾಯುವ ಮಕರ ನಮ್ಮಲ್ಲಿ ಬಹಳ ಹಳೆಯದು. ವರುಣನ ವಾಹನ, ಗಂಗೆಯ ವಾಹನ. ಕ್ರಿ.ಪೂ. 2ನೇ ಶತಮಾನದ ಸುಮಾರಿನ ಭಾರ್ಹುತ್ ಶಿಲ್ಪದಲ್ಲೇ ಮಕರ ಇದೆ, ರಾಶಿಗಳು ಇಲ್ಲಿ ನೆಲೆಗೊಳ್ಳುವ ಮೊದಲೇ. ಅದಕ್ಕೇ ಹೊರಗಿನ ಆಡು-ಮೀನು ಬಂದಾಗ ಅದಕ್ಕೆ ಕೊಡಲು ಒಂದು ಮೈ ನಮ್ಮ ಹತ್ತಿರ ತಯಾರಿತ್ತು. ಬಬಿಯಾ ಸೇರುವುದು ಆ ಮೊದಲ, ಮನೆಯ ಮಕರದ ಕುಲಕ್ಕೆ.

ಹಿರಿಯರೊಬ್ಬರು ಕೇಳಿದ್ದು: ‘ರಾಶಿ ಹೊರಗಿನದ್ದು ಅಂದಿರಿ. ನಕ್ಷತ್ರಗಳು?’

27 ನಕ್ಷತ್ರಗಳು ವೇದದ ಕಾಲದವು. ತೈತ್ತಿರೀಯ ಸಂಹಿತೆಯಲ್ಲಿ ಪಟ್ಟಿ ಇದೆ, ಅಥರ್ವವೇದದಲ್ಲೂ ಇದೆ, ಅಲ್ಲಿ ಅಭಿಜಿತ್ ಸೇರಿ 28. ಅಲ್ಲಿ ಎಣಿಕೆ ಶುರುವಾಗುವುದು ಕೃತ್ತಿಕೆಯಿಂದ. ಅಶ್ವಿನಿಯಿಂದ ಎಣಿಸುವುದು ಆಮೇಲಿನ ರೂಢಿ. ಮುಲ್ ಅಪಿನ್‌ನಲ್ಲಿ ಚಂದ್ರನ ದಾರಿಯ ಪಟ್ಟಿ ಕೂಡ ಕೃತ್ತಿಕೆಯಿಂದಲೇ ಶುರು. ಅವರು ಅದನ್ನು ಸುಮ್ನೆ ‘ನಕ್ಷತ್ರಗಳು’ ಅಂತ ಕರೆದರು. ಇದನ್ನು ನೋಡಿ ಆ ಕಡೆಯಿಂದ ಈ ಕಡೆ ಬಂತು ಅಂದ ವಿದ್ವಾಂಸರಿದ್ದಾರೆ, ಈ ಕಡೆಯಿಂದ ಆ ಕಡೆ ಹೋಯಿತು ಅಂದವರೂ ಇದ್ದಾರೆ. ಇಬ್ಬರಿಗೂ ತೋರಿಸಲು ಆಗದ್ದು ಒಂದೇ, ನಡುವಿನ ದಾರಿ. ರಾಶಿಗೆ ಗ್ರೀಕ್ ಹೆಸರುಗಳು ಸಾಕ್ಷಿ ಹೇಳುತ್ತವೆ. ನಕ್ಷತ್ರದ ಪಟ್ಟಿಯಲ್ಲಿ ಬಾಬಿಲೋನಿನ ಒಂದು ಹೆಸರೂ ಇಲ್ಲ, ಅವರ ಪಟ್ಟಿಯಲ್ಲಿ ನಮ್ಮ ಒಂದು ಹೆಸರೂ ಇಲ್ಲ. ಹಾಗಾಗಿ ಕೃತ್ತಿಕೆಯನ್ನು ನಾನು ಹೋಲಿಕೆಯ ಕಡೆಗೇ ಇಟ್ಟಿದ್ದೇನೆ. ನಾಳೆ ಯಾವುದಾದರೂ ಹಲಗೆಯಲ್ಲಿ ಅಂಥ ಒಂದು ಹೆಸರು ಸಿಕ್ಕಿದರೆ ದಾರಿ ಸಿಕ್ಕಿದವುಗಳ ಕಡೆಗೆ ತಂದು ಇಡುತ್ತೇನೆ.